ಮೊಂಡಿಯ ಸುತ್ತ ಎರಡು ಬೇಲಿ

ಬೆಳಗಿನ ಆರೂ ಹತ್ತು. ಹುಲ್ಲುಗಾವಲಿನ ಗೇಟಿನ ಬಳಿ ನಿಂತು ಹಂದಿ ಸಾಕುವ ಹೆಡ್‌ಮೇಡಂ ತಗಡಿನ ಬಕೆಟ್ಟಿಗೆ ಕೋಲಿನಿಂದ ಬಡಿಯುತ್ತಾರೆ. ಮಂಜಿನೊಳಗಿಂದ ಕಪ್ಪು ಬೆನ್ನುಗಳು ಒಂದರ ಹಿಂದೊಂದು ಓಡಿ ಬರುತ್ತವೆ, ಅಗಲವಾದ ಕಿವಿಗಳನ್ನು ಕಣ್ಣಿನ ಮೇಲೆ ಜೋತಾಡಿಸಿಕೊಂಡು. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿದೆ. ಎಣಿಕೆ ನಲವತ್ತೊಂದಕ್ಕೆ ನಿಲ್ಲುತ್ತದೆ. ಇನ್ನೊಮ್ಮೆ ಎಣಿಸುತ್ತಾರೆ. ನಲವತ್ತೊಂದೇ.

“ಮೊಂಡಿ ಬಂದಿಲ್ಲ,” ಎನ್ನುತ್ತಾರೆ.

ಬೇರೆ ದಿನವಾಗಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ಆದರೆ ನದಿಯಾಚೆಯ ಕಾಡುಹಂದಿಗಳಿಗೆ ಹಂದಿಜ್ವರ ಬಂದಿದೆ. ಅದು ಸಾಕುಹಂದಿಗಳಿಗೆ ಅಂಟದಿರಲೆಂದು ಎಲ್ಲರೂ ಎರಡು ಸುತ್ತು ಬೇಲಿ ಹಾಕಬೇಕು, ಎರಡರ ನಡುವೆ ಒಂದು ಮೀಟರ್ ಅಂತರ ಇರಬೇಕು ಎಂದು ಆದೇಶವಾಗಿದೆ. ಇವತ್ತು ಹನ್ನೊಂದು ಗಂಟೆಗೆ ಗಡುವು. ಆಗ ಒಂದೇ ಒಂದು ಹಂದಿ ಬೇಲಿಯ ಹೊರಗಿದ್ದರೂ ಇಡೀ ಹಿಂಡನ್ನು ಕೊಲ್ಲುತ್ತಾರೆ. ಆರು ದಿನ ಅಂಗೈಯ ಚರ್ಮ ಕಿತ್ತುಬರುವಂತೆ ದುಡಿದು ಇವರು ಮನೆಪಕ್ಕದ ಹುಲ್ಲುಗಾವಲಿಗೆ ಎರಡು ಬೇಲಿ ಬಿಗಿದಿದ್ದಾರೆ. ನಿನ್ನೆ ಸಂಜೆ ನಲವತ್ತೆರಡೂ ಒಳಗಿದ್ದವು. ತುಂಬುಗಬ್ಬದ ಮೊಂಡಿ ಎರಡೂ ಗೇಟುಗಳ ಕೆಳಗೆ ಮೂತಿ ತೂರಿಸಿ, ಎತ್ತಿ, ಹೊರಬಿದ್ದಿದ್ದಾಳೆ.

“ತಪ್ಪು ನಂದೇ. ಈಯೋ ಹಂದಿ ಗುಂಪಲ್ಲಿ ಇರಲ್ಲ, ಒಂಟಿ ಜಾಗ ಹುಡುಕ್ಕೊಂಡು ಹೋಗತ್ತೆ. ಇವಳು ಈಯೋಕೆ ಇನ್ನೂ ನಾಲ್ಕು ದಿನ ಇದೆ ಅಂದ್ಕೊಂಡಿದ್ದೆ,” ಎನ್ನುತ್ತಾ ಅವರು ಇಳಿಜಾರಿನ ಕಡೆಗೆ ಓಡುತ್ತಾರೆ. ಐವತ್ತಮೂರು ವರ್ಷದ ಅವರ ಹಿಂದೆ ಓಡಲು ನನಗೆ ಏದುಸಿರು ಬರುತ್ತದೆ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಬಾಯಿಚಪಲದಿಂದ. ಈ ಹಳೆಯ ಕಪ್ಪು ತಳಿಯ ಮಾಂಸಕ್ಕೆ ಅಷ್ಟು ರುಚಿ ಎಲ್ಲಿಂದ ಬರುತ್ತದೆ ಎಂದು ಕೇಳಿ, ಪತ್ರಿಕೆಗೆ ಒಂದು ಪುಟ ಬರೆದು, ಕಿಲೋ ಮಾಂಸ ಕಟ್ಟಿಸಿಕೊಂಡು ಹೋಗೋಣವೆಂದಿದ್ದೆ. ಊರಿನವರು ಇವರನ್ನು ‘ಹೆಡ್‌ಮೇಡಂ’ ಎಂದು ಕರೆಯುತ್ತಾರೆ, ಹಂದಿಗಳನ್ನು ಗದರುವ ಧಾಟಿಗೆ. ಸುತ್ತಮುತ್ತ ಎಲ್ಲರೂ ಬೇಗ ಬೆಳೆಯುವ ಬಿಳಿ ಹಂದಿಗಳಿಗೆ ಬದಲಾದಾಗ ಇವರೊಬ್ಬರು ಮಾತ್ರ ಬದಲಾಗಲಿಲ್ಲ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಕೊಟ್ಟಿಗೆಯ ಹಂದಿ ಆರು ತಿಂಗಳಿಗೆ ಅಂಗಡಿ ಸೇರಿದರೆ ಇವರದ್ದಕ್ಕೆ ಹದಿನಾಲ್ಕು ತಿಂಗಳು ಬೇಕು. ಅಷ್ಟೂ ದಿನ ಹುಲ್ಲು ಮೇದು, ಬೇರು ಅಗೆದು, ಉದುರಿದ ಹಣ್ಣುಕಾಯಿ ಹೆಕ್ಕಿ, ಕೆಸರಿನಲ್ಲಿ ಹೊರಳಾಡಿ ಬೆಳೆಯುತ್ತವೆ. ಈ ತಳಿ ಸುತ್ತಲಿನ ಸೀಮೆಯಲ್ಲಿ ಬೇರೆ ಯಾರ ಬಳಿಯೂ ಇಲ್ಲ. ಈ ನಲವತ್ತೆರಡು ಹೋದರೆ ಮುಗಿಯಿತು.

ರುಚಿಯ ಪಾಠ ನನಗೆ ನಿನ್ನೆಯೇ ಆಗಿದೆ. ಇವರ ಅಕ್ಕನದು ಮಾಂಸದಂಗಡಿ. ಕಟ್ಟೆಯ ಮೇಲೆ ಎರಡು ತುಂಡು ಇಟ್ಟು ತೋರಿಸಿದರು. ಒಂದು ಪೇಲವ ಗುಲಾಬಿ, ತಳದಲ್ಲಿ ನೀರು ಒಸರುತ್ತಿತ್ತು. ಇನ್ನೊಂದು ಕಡುಗೆಂಪು, ನಡುನಡುವೆ ಬಿಳಿ ನೂಲು ಎಳೆದಂತೆ ಕೊಬ್ಬು. ಆ ಕೊಬ್ಬಿನ ಚೂರೊಂದನ್ನು ನನ್ನ ಅಂಗೈಗೆ ಹಾಕಿದರು. ನೋಡುತ್ತಿದ್ದಂತೆ ಮೆತ್ತಗಾಗಿ ಬೆವರತೊಡಗಿತು. “ಬಾಣಲೆಗೆ ಎಣ್ಣೆ ಬೇಡ, ಅದರ ಕೊಬ್ಬಲ್ಲೇ ಬೇಯತ್ತೆ. ಉಪ್ಪು ಸಾಕು. ಇದಕ್ಕೆ ಮಸಾಲೆ ಸುರಿದ್ರೆ ನಂಗೆ ಅವಮಾನ,” ಎಂದರು ಅಕ್ಕ. ತಿಂದೆ. ಹುರಿದ ಬೀಜದಂಥ ಘಮ, ಹಲ್ಲಿಗೆ ಸಿಗುವಷ್ಟು ಗಟ್ಟಿ, ಅಗಿದಷ್ಟೂ ರಸ. ಪಕ್ಕದ ಪೇಲವ ತುಂಡು ಆಮೇಲೆ ಒದ್ದೆ ಕಾಗದದ ಹಾಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಏಳೂಕಾಲಿಗೆ ಮೊಂಡಿ ಸಿಗುತ್ತಾಳೆ. ಇಳಿಜಾರಿನ ಮುಳ್ಳುಪೊದೆಯಡಿ ಕಡ್ಡಿ, ಹುಲ್ಲು, ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿಕೊಂಡು ಮಲಗಿದ್ದಾಳೆ. ನೂರ ಎಂಬತ್ತು ಕಿಲೋ ತೂಕದವಳು. ಹೊಟ್ಟೆ ಅಲೆಯಲೆಯಾಗಿ ಬಿಗಿಯುತ್ತಿದೆ. ಹತ್ತಿರ ಹೋದ ನನ್ನತ್ತ ಎಂಥ ಹೂಂಕಾರ ಹೊರಡುತ್ತದೆಂದರೆ ನನ್ನ ಪೆನ್ನು ಎಲ್ಲೋ ಬೀಳುತ್ತದೆ.

ಸುದ್ದಿ ತಿಳಿದು ಬಂದ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. “ಎಬ್ಬಿಸೋಕಾಗತ್ತಾ?”

“ಈಗ ಎಬ್ಬಿಸಿದ್ರೆ ಹೆದರಿ ಹುಚ್ಚೆದ್ದು ಓಡ್ತಾಳೆ. ಮರಿ ದಾರೀಲೇ ಬೀಳತ್ತೆ, ತಾನೇ ತುಳೀತಾಳೆ.”

“ಹಾಗಿದ್ರೆ ನಾನು ಚೂರಿ ತರ್ತೀನಿ ಕಣೇ. ಒಂದು ಹೋದ್ರೆ ಹೋಗ್ಲಿ, ನಲವತ್ತೊಂದು ಉಳಿಯತ್ತೆ.”

“ಬೇಡ.”

“ಲೇ, ಹಟ ಮಾಡೋ ಹೊತ್ತಾ ಇದು?”

“ಅಕ್ಕಾ, ಅಂಗಡಿಗೆ ಕಳಿಸುವಾಗ ನಾನು ಯಾವತ್ತಾದ್ರೂ ಅತ್ತಿದೀನಾ? ಅದಕ್ಕೇ ಸಾಕಿರೋದು. ಆದ್ರೆ ಈಯ್ತಾ ಇರೋಳ ಮೇಲೆ ಚೂರಿ ಆಡಿಸೋಕೆ ಬಿಡಲ್ಲ, ತಲೆ ಮೇಲೆ ತಲೆ ಬಿದ್ರೂ ಬಿಡಲ್ಲ.”

ಅಕ್ಕ ದಡದಡ ಇಳಿದು ಹೋಗುತ್ತಾರೆ. ತಂಗಿ ಕೆಳಗಿನ ಬೇಲಿಗೆ ಹಾಕಿ ಉಳಿದ ಗೂಟ, ತಂತಿ ಹೊತ್ತು ತರುತ್ತಾರೆ. ಹಂದಿಯನ್ನು ಬೇಲಿಯೊಳಗೆ ತರಲಾಗದಿದ್ದರೆ ಬೇಲಿಯನ್ನೇ ಹಂದಿಯ ಬಳಿಗೆ ತರುವುದು, ಅಷ್ಟೇ ಅವರ ಯೋಚನೆ. ನಾನು ಗೂಟ ಹಿಡಿಯುತ್ತೇನೆ, ಅವರು ಸುತ್ತಿಗೆ ಬೀಸುತ್ತಾರೆ. ಒಂದೊಂದು ಏಟಿಗೂ ಪೊದೆಯೊಳಗಿಂದ ಗುರುಗುಟ್ಟುವ ಸದ್ದು. ಒಂದು ಗೂಟ ಮುಗಿದು ಇನ್ನೊಂದು ಹಿಡಿಯುವಷ್ಟರಲ್ಲಿ ಒಮ್ಮೆ ಸಣ್ಣ ಕೀಚಲು ದನಿ ಕೇಳುತ್ತದೆ. “ಮೊದಲನೇ ಮರಿ,” ಎಂದವರೇ ಮತ್ತೆ ಸುತ್ತಿಗೆ ಎತ್ತುತ್ತಾರೆ. ಒಂಬತ್ತೂವರೆಗೆ ಒಂದು ಸುತ್ತು ಮುಗಿಯುತ್ತದೆ. ತಂತಿಯೂ ಮುಗಿಯುತ್ತದೆ.

ಎರಡನೇ ಸುತ್ತು ಹಾಕಲು ಏನೂ ಉಳಿದಿಲ್ಲ. ಹೆಡ್‌ಮೇಡಂ ಬರಿಗೈಯಲ್ಲಿ ನಿಂತುಬಿಡುತ್ತಾರೆ. ನನಗೆ ಅವರ ಮುಖ ನೋಡಲಾಗುವುದಿಲ್ಲ.

ಆಗ ಕೆಳಗಿನಿಂದ ವ್ಯಾನೊಂದು ಗೊರಗೊರ ಎನ್ನುತ್ತಾ ಹತ್ತಿ ಬರುತ್ತದೆ. ಅಕ್ಕನೇ ಓಡಿಸುತ್ತಿದ್ದಾರೆ. ಹಿಂದೆ ಅಂಗಡಿ ಮುಂಭಾಗದ ಕಬ್ಬಿಣದ ಜಾಲರಿಗಳು, ಮಾಂಸ ತೂಗುಹಾಕುವ ಕಂಬಿಗಳು, ಕೊಕ್ಕೆಗಳ ಸಮೇತ. “ಏನ್ ನೋಡ್ತಿದೀರಿ ಪೇಪರ್‌ನೋರೇ, ಇಳಿಸ್ರೀ,” ಎಂದು ನನ್ನನ್ನು ಗದರುತ್ತಾರೆ. ತಂಗಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಹತ್ತೂ ಐವತ್ತಕ್ಕೆ ಬೇಲಿ ಪರೀಕ್ಷಿಸಲು ಸರ್ಕಾರಿ ಪಶುವೈದ್ಯರು ಬರುತ್ತಾರೆ. ಕೆಳಗಿನ ಹುಲ್ಲುಗಾವಲು ನೋಡಿ, ನಲವತ್ತೊಂದನ್ನು ಎಣಿಸಿ, ಮೇಲೆ ಹತ್ತಿದ್ದಾರೆ. ಕೊಕ್ಕೆ ನೇತಾಡುವ ಹೊರಸುತ್ತಿನ ಬೇಲಿಯನ್ನು ಕಂಡು ಹುಬ್ಬೇರಿಸುತ್ತಾರೆ. ಟೇಪು ಹಿಡಿದು ಸುತ್ತುತ್ತಾರೆ. ಒಂದು ಮೀಟರ್. ಒಂದು ಮೀಟರ್. ಮೂಲೆಯಲ್ಲಿ ನಿಲ್ಲುತ್ತಾರೆ.

“ಇಲ್ಲಿ ಎಂಬತ್ತು ಸೆಂಟಿಮೀಟರೇ ಇದೆ ಅಮ್ಮಾ.”

ವೈದ್ಯರು ಗಡಿಯಾರ ನೋಡಿಕೊಳ್ಳುತ್ತಾರೆ. “ಗಡುವಿಗೆ ನಾಲ್ಕು ನಿಮಿಷ ಇದೆ,” ಎಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ.

ಅಕ್ಕತಂಗಿಯರು ಜಾಲರಿಗೆ ಭುಜ ಕೊಡುತ್ತಾರೆ. ಬುಡದ ಗೂಟ ಜಪ್ಪಯ್ಯ ಎಂದರೂ ಬರುವುದಿಲ್ಲ. ನಾನೂ ಹೋಗಿ ಒದೆಯುತ್ತೇನೆ. ಕಿತ್ತುಬಂದ ಗೂಟವನ್ನು ಆಚೆ ನೆಟ್ಟು, ಕಟ್ಟುತಂತಿ ಬಿಗಿಯುವಾಗ ಹೆಡ್‌ಮೇಡಂ ಬೆರಳಿನಿಂದ ರಕ್ತ ಸುರಿಯುತ್ತಿದೆ, ಅವರಿಗದರ ಪರಿವೆಯಿಲ್ಲ. ವೈದ್ಯರು ತಿರುಗಿ ಮತ್ತೆ ಅಳೆಯುತ್ತಾರೆ. ಒಂದು ಮೀಟರ್, ಮೇಲೆ ಎರಡು ಬೆರಳು.

ಅಕ್ಕ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು, ತಂಗಿಯ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿಯುತ್ತಾರೆ. ವೈದ್ಯರು ಫಾರಂ ತೆಗೆದು, ಹಿಂಡಿನ ಸಂಖ್ಯೆಯ ಜಾಗದಲ್ಲಿ ಪೆನ್ನಿಟ್ಟು ಪೊದೆಯತ್ತ ಬಗ್ಗಿ ನೋಡುತ್ತಾರೆ. “ನಲವತ್ತೆರಡು. ಮರಿ ಏಳು ಕಾಣ್ತಿವೆ. ಒಟ್ಟು ನಲವತ್ತೊಂಬತ್ತು ಅಂತ ಬರೀಲಾ?”

“ಸ್ವಲ್ಪ ತಡೀರಿ ಡಾಕ್ಟ್ರೇ,” ಎನ್ನುತ್ತಾರೆ ಹೆಡ್‌ಮೇಡಂ, ಪೊದೆಯಿಂದ ಕಣ್ಣು ಕೀಳದೆ. “ಅವಳದ್ದು ಇನ್ನೂ ಮುಗಿದಿಲ್ಲ.”