ನನ್ನನ್ನು ಬಿಟ್ಟು ನದಿ ದಾಟಿದ ಕುರ್ಚಿ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಸಂಕ್ರಮಣದ ದಿನ ನನ್ನ ಗಾಲಿಕುರ್ಚಿ ಕೃಷ್ಣಾ ನದಿ ದಾಟಿತು. ನಾನು ದಾಟಿರಲಿಲ್ಲ. ನಾನು ಕೂರಬೇಕಾದ ಜಾಗದಲ್ಲಿ ಸಜ್ಜೆ ರೊಟ್ಟಿಯ ಬುಟ್ಟಿ ಕೂತಿತ್ತು, ಅದರ ಮೇಲೆ ಶೇಂಗಾ ಹೋಳಿಗೆಯ ಗಂಟು, ಪಕ್ಕದಲ್ಲಿ ನಮ್ಮಜ್ಜಿ. ನಾನು ಈಚೆ ದಡದಲ್ಲಿ ಎತ್ತಿನ ಬಂಡಿಯ ಮೇಲೆ ಕೂತು ಬಾಯಿಗೆ ಬಂದದ್ದೆಲ್ಲ ಬೈಯುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ತಡೆಯುವುದಿಲ್ಲ. ಆವತ್ತು ಮಾತ್ರ ಯಾರಾದರೂ ನಕ್ಕಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆದುಬಿಡುತ್ತಿದ್ದೆ.

ಮೊದಲಿನಿಂದ ಹೇಳುತ್ತೇನೆ. ಇನ್ನೂ ಸರಿಯಾಗಿ ನಡೆಯಲು ಕಲಿಯುವ ಮೊದಲೇ ಪೋಲಿಯೋ ಬಂದು ನನ್ನ ಎರಡೂ ಕಾಲು ಸೋತವು. ಮಸ್ಕಿಯ ನಮ್ಮ ಮನೆಯೊಳಗೆ ನನಗೆ ಅದರಿಂದ ಏನೂ ಅಡ್ಡಿಯಿರಲಿಲ್ಲ. ಅಂಗೈ ಊರಿ, ಮೈ ಜರುಗಿಸುತ್ತ, ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಲು ಎಂದು ದಿನವೆಲ್ಲ ಓಡಾಡಿಕೊಂಡಿದ್ದೆ. ಹೊರಗೆ ಹೋಗಬೇಕೆಂದರೆ ಸೋದರಮಾವನ ಹೆಗಲು. ಮಾವನದು ಸಿಂಧನೂರಿನಲ್ಲಿ ವೆಲ್ಡಿಂಗ್ ಅಂಗಡಿ. ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳದ ಹಾಗೆ ಹಾಕುತ್ತಾರಲ್ಲ, ಕಬ್ಬಿಣದ ಪಟ್ಟಿಯ ದೊಡ್ಡ ಗಾಲಿ, ಅವನ್ನು ಮಾಡುವುದು ಅವನ ಕೆಲಸ. ನಮ್ಮೂರಿಗೆ ಬಂದನೆಂದರೆ ನನ್ನನ್ನು ಹೆಗಲಿಗೇರಿಸಿಕೊಂಡು ಬಸ್‌ ಸ್ಟ್ಯಾಂಡಿನ ತನಕ ಸುತ್ತಿಸಿ, ಮಂಡಾಳು ಮಿರ್ಚಿ ತಿನ್ನಿಸಿ ಕರೆತರುತ್ತಿದ್ದ.

ನಾನು ದೊಡ್ಡವಳಾದೆ. ಹೆಗಲು ನಿಂತಿತು. ಮನೆಯವರು ಬೇಡವೆನ್ನುವ ಮೊದಲೇ ನಾನೇ ಬೇಡವೆಂದೆ. ಬೆಳೆದು ನಿಂತ ಹುಡುಗಿಯನ್ನು ನಾಲ್ಕು ಜನರ ನಡುವೆ ಗಂಡಸರು ಎತ್ತಿಕೊಳ್ಳುವುದು, ಸೀರೆ ಎಲ್ಲೋ, ಸೆರಗು ಎಲ್ಲೋ, ಎತ್ತಿದವನ ಉಸಿರು ಕತ್ತಿನ ಮೇಲೆ... ಛೀ, ನನಗೆ ಆಗುತ್ತಿರಲಿಲ್ಲ. ಇನ್ನು ನೆಲದ ಮೇಲೆ ಜರುಗಿಕೊಂಡು ಹೋಗೋಣವೆಂದರೆ ಅವ್ವ ಒಪ್ಪುತ್ತಿರಲಿಲ್ಲ. ಮನೆಯೊಳಗೆ ಏನಾದರೂ ಮಾಡು, ಜನರ ಮುಂದೆ ಮಾತ್ರ ನೆಲ ಸವರಬೇಡ ಎನ್ನುವುದು ಅವಳ ಕಾನೂನು. ಬಸ್ಸಿನ ಮೆಟ್ಟಿಲನ್ನು ನಾನು ಕಂಬಿ ಹಿಡಿದು ತೋಳಿನ ಬಲದಲ್ಲೇ ಹತ್ತುತ್ತಿದ್ದೆ. ಆಗಲೂ ಅವ್ವ ಹಿಂದೆ ನಿಂತು ಸೆರಗು ಅಗಲ ಮಾಡಿ ಮರೆ ಹಿಡಿಯುತ್ತಿದ್ದಳು. ನೋಡದೆ ಇದ್ದವರೂ ಅದನ್ನು ಕಂಡು ನೋಡುತ್ತಿದ್ದರು.

ಹೀಗಾಗಿ ಪ್ರತಿ ಸಂಕ್ರಮಣಕ್ಕೂ ನನ್ನ ಹೊಟ್ಟೆ ಉರಿಯುತ್ತಿತ್ತು. ಅಣ್ಣನ ಹೆಂಡತಿ, ನಮ್ಮತ್ತಿಗೆಯ ತವರು, ಲಿಂಗಸುಗೂರಿನಾಚೆ ಕೃಷ್ಣೆಯ ದಂಡೆಯ ಹಳ್ಳಿ. ಆ ಮದುವೆಯಾದ ಮೇಲೆ ನಾವೆಲ್ಲ ಹಬ್ಬದ ಜಳಕಕ್ಕೆ ಅಲ್ಲಿಗೇ ಹೋಗುವುದು ರೂಢಿಯಾಗಿತ್ತು. ನದಿಯ ಮಧ್ಯೆ ಉಸುಕಿನ ಒಂದು ನಡುಗಡ್ಡೆ. ಹೆಂಗಸರು ಹರಿಗೋಲಿನಲ್ಲಿ ದಾಟಿ, ನಡುಗಡ್ಡೆಯ ಆಚೆ ಮಗ್ಗುಲಿಗೆ ಹೋಗಿ, ಮೈಗೆ ಎಳ್ಳು ಅರಿಶಿನ ಹಚ್ಚಿಕೊಂಡು ನೀರಿಗೆ ಬೀಳುತ್ತಿದ್ದರು. ಅಲ್ಲಿಗೆ ಗಂಡಸರು ಬರುವ ಹಾಗಿಲ್ಲ. ಅವರ ಕೇಕೆ, ನಗು, ಹಾಡು ಈಚೆ ದಡಕ್ಕೆ ಕೇಳಿಸುತ್ತಿತ್ತು. ಈಚೆ ದಡದಲ್ಲಿ ಚಪ್ಪಲಿಗಳ ರಾಶಿ, ನಾನು, ನನ್ನ ಸಲುವಾಗಿ ಉಳಿದುಕೊಂಡ ಅವ್ವ. ಅವ್ವ ಒಂದು ತಂಬಿಗೆ ನೀರು ತಂದು ನನ್ನ ತಲೆಗೆ ಚಿಮುಕಿಸಿ, ತಾನೂ ಚಿಮುಕಿಸಿಕೊಂಡು, ಮುಗಿಯಿತು ನಮ್ಮ ಜಳಕ ಎನ್ನುತ್ತಿದ್ದಳು. ಹರಿಗೋಲಿನವನು ಪ್ರತಿ ಸಲ ಕೇಳುತ್ತಿದ್ದ, ಎತ್ತಿ ಇಟ್ಟುಬಿಡೋಣವೇನೆಂದು. ಪ್ರತಿ ಸಲ ನಾನು ಮುಖ ತಿರುಗಿಸುತ್ತಿದ್ದೆ.

ಆ ವರ್ಷ ಮಾವ ನನಗೆ ಗಾಲಿಕುರ್ಚಿ ಮಾಡಿಕೊಟ್ಟ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಹಳೆಯ ಕುರ್ಚಿಗೆ ಹಿಂದೆ ಸೈಕಲ್ಲಿನ ಎರಡು ಚಕ್ರ, ಮುಂದೆ ಸಣ್ಣ ಗಾಲಿ, ಕಾಲಿಡಲು ಒಂದು ತಗಡು, ಎಲ್ಲಕ್ಕೂ ಟ್ರ್ಯಾಕ್ಟರಿನ ಕೆಂಪು ಬಣ್ಣ. ಕೂತು ಕೈಯಿಂದ ಚಕ್ರ ತಿರುವಿದರೆ ಹೊರಟಿತು ಸವಾರಿ. ಅಜ್ಜಿ ಅದಕ್ಕೆ ವಿಭೂತಿ ಪಟ್ಟೆ ಎಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದಳು. ಈ ಸಲ ನಡುಗಡ್ಡೆಗೆ ಹೋಗಿಯೇ ಹೋಗುತ್ತೇನೆ, ಯಾರೂ ಎತ್ತುವ ಹಾಗಿಲ್ಲ ಎಂದು ನಾನು ಸಾರಿಬಿಟ್ಟೆ. ಹೇಗೆ ಎಂದು ಅತ್ತಿಗೆ ಕೇಳಿದಳು. ಅದನ್ನು ಅಲ್ಲಿ ಹೋಗಿ ನೋಡೋಣ ಎಂದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕುರ್ಚಿಗೆ ಲಗೇಜ್ ಟಿಕೆಟ್ ತೆಗೆಯಿರಿ ಎಂದು ಕಂಡಕ್ಟರ್ ಹಟ ಹಿಡಿದ. ಅದು ಲಗೇಜಲ್ಲ, ನನ್ನ ಕಾಲು, ನಿನ್ನ ಕಾಲಿಗೆ ಟಿಕೆಟ್ ತೆಗೆದಿದ್ದೀಯಾ ಎಂದು ಕೇಳಿದೆ. ಬಸ್ಸೆಲ್ಲ ನಕ್ಕಿತು, ಅವನೂ ನಕ್ಕು ಮುಂದೆ ಹೋದ. ಆ ಗೆಲುವಿನ ಗುಂಗಿನಲ್ಲೇ ನಾನು ಅತ್ತಿಗೆಯ ತವರು ಮುಟ್ಟಿದೆ. ಕುರ್ಚಿಯ ಸವಾರಿ ನೋಡಲು ಆ ಸಲ ಮಾವನೂ ಜೊತೆಗೆ ಬಂದಿದ್ದ.

ಮರುದಿನ ಬೆಳಿಗ್ಗೆ ಅತ್ತಿಗೆಯ ಅಪ್ಪ ಬಂಡಿ ಕಟ್ಟಿದರು. ನದಿ ದಂಡೆಯ ಉಸುಕಿನ ತನಕ ಬಂಡಿ ಹೋಯಿತು. ಇಲ್ಲೇ ಎಡವಟ್ಟಾದದ್ದು. ಆ ಮನೆಯವರಲ್ಲಿ ಒಂದು ಪದ್ಧತಿ: ಹರಿಗೋಲಿನ ಮೊದಲ ಸುತ್ತಿಗೆ ಬುತ್ತಿ ದಾಟಬೇಕು. ಹೊಳೆಯ ಗಂಗವ್ವನಿಗೆ ಎಡೆ ತೋರಿಸಿ ಉಡಿ ತುಂಬಿದ ಮೇಲೆಯೇ ಉಳಿದವರು ನೀರಿಗಿಳಿಯುವುದು. ಬುಟ್ಟಿಗಳು ಭಾರ, ಉಸುಕಿನಲ್ಲಿ ಹೊತ್ತು ನಡೆಯುವುದು ಕಷ್ಟ. ಅಷ್ಟರಲ್ಲಿ ಬಂಡಿಯಿಂದ ಮೊದಲು ಇಳಿಸಿದ ನನ್ನ ಕೆಂಪು ಕುರ್ಚಿ ಅಲ್ಲೇ ನಿಂತಿತ್ತು, ಹಣೆಗೆ ವಿಭೂತಿ ಬೇರೆ. ದೇವರ ಬುತ್ತಿ ಹೊರಲು ಮಡಿಯಾದ ಬಂಡಿಯೇ ಸಿಕ್ಕಿತೆಂದು ಅಜ್ಜಿ ಬುಟ್ಟಿಗಳನ್ನು ಅದರ ಮೇಲೇರಿಸಿದಳು. ಈಚೆ ದಂಡೆಯ ಒದ್ದೆ ಉಸುಕು ಗಟ್ಟಿ, ಅತ್ತಿಗೆ ಹಿಂದಿನಿಂದ ನೂಕಿದಳು. ನಾನು ಬಂಡಿಯ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ತಲೆಯೆತ್ತಿ ನೋಡುತ್ತೇನೆ, ಬುಟ್ಟಿಯ ಸಮೇತ ನನ್ನ ಕುರ್ಚಿ ಹರಿಗೋಲಿನಲ್ಲಿ ಕೂತು ನೀರಿನ ನಡುವೆ ಹೋಗುತ್ತಿದೆ. ಅಜ್ಜಿ ಅದರ ಕೈ ಹಿಡಿದು ಕಾವಲು ಕೂತಿದ್ದಾಳೆ.

ನಾನು ಕೂಗಿದ್ದು ನದಿಯ ಎರಡೂ ದಂಡೆಗೆ ಕೇಳಿಸಿರಬೇಕು. ಮಾವ ಓಡಿ ಬಂದ, ಕುರ್ಚಿ ನೋಡಿದ, ನನ್ನನ್ನು ನೋಡಿದ, ತಲೆಯ ಮೇಲೆ ಕೈ ಹೊತ್ತು ನಿಂತ. ಅವ್ವ ಮಾತ್ರ ಸಮಾಧಾನದಿಂದ ತಂಬಿಗೆ ತೆಗೆದುಕೊಂಡು ನೀರು ತರಲು ಎದ್ದಳು. ಅದನ್ನು ಕಂಡು ನನ್ನ ಪಿತ್ತ ಇನ್ನೂ ನೆತ್ತಿಗೇರಿತು.

"ತಂಬಿಗಿ ಕೆಳಗ ಇಡು" ಎಂದೆ. "ಈ ಸಲ ಚಿಮುಕಿಸಿಕೊಳ್ಳಾಕ ಬಂದಿಲ್ಲ ನಾ."

ಅವ್ವ ಇಡಲಿಲ್ಲ, ತರಲೂ ಹೋಗಲಿಲ್ಲ. ಹಾಗೇ ನಿಂತಳು. ನನಗೆ ಅಳು ಬಂತು. ಸಿಟ್ಟು ಬಂದಾಗ ನನಗೆ ಅಳು ಬರುತ್ತದೆ, ಇದೊಂದು ಖೋಡಿ ಚಾಳಿ.

ಅಷ್ಟರಲ್ಲಿ ಹರಿಗೋಲಿನವನು ಆಚೆ ಬುತ್ತಿ ಇಳಿಸಿ ಈಚೆಗೆ ವಾಪಸಾದ. ಹೊಳೆಯ ಸೆಳವಿಗೆ ಹರಿಗೋಲು ನೆಟ್ಟಗೆ ಬರುವುದಿಲ್ಲ, ಕೆಳಗೆಲ್ಲೋ ಹೋಗಿ ದಡ ಹತ್ತುತ್ತದೆ. ಆಮೇಲೆ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತುಕೊಂಡು ದಂಡೆಗುಂಟ ಮೇಲಕ್ಕೆ ನಡೆದು ಬಂದು ಮತ್ತೆ ನೀರಿಗೆ ಬಿಡಬೇಕು. ಎಲ್ಲ ಹರಿಗೋಲಿನವರೂ ಹಾಗೇ ಮಾಡುತ್ತಾರೆ. ವರ್ಷವರ್ಷ ನಾನು ಅದನ್ನು ನೋಡಿದ್ದೆ. ಆವತ್ತು ಕಣ್ಣೊರೆಸಿಕೊಂಡು ನೋಡಿದರೆ, ಎರಡು ಕಾಲು ಮೂಡಿದ ದೊಡ್ಡ ಬುಟ್ಟಿಯೊಂದು ನನ್ನ ಬಂಡಿಯ ಕಡೆಗೇ ನಡೆದು ಬರುತ್ತಿತ್ತು. ನೀರಿನಲ್ಲಿರಬೇಕಾದದ್ದು ನೆಲದ ಮೇಲೆ ಬರುತ್ತಿದೆ. ನಾವು ಇಷ್ಟು ವರ್ಷ ನನ್ನನ್ನು ಅದರ ತನಕ ಹೇಗೆ ಒಯ್ಯುವುದೆಂದೇ ತಲೆ ಕೆಡಿಸಿಕೊಂಡಿದ್ದೆವು.

"ಮಾವ" ಎಂದೆ. "ಹರಿಗೋಲಾನ ದಂಡಿ ಮ್ಯಾಲ ನಡಕೋಂತ ಬರಾಕತ್ತೈತಿ. ಬಂಡಿ ಯಾಕ ನೀರಿಗಿ ಇಳಿಬಾರದು? ನನ್ನ ಕೂಡಿಸಿಕೊಂಡ ಇಳಿಲಿ. ನಾ ಬಂಡ್ಯಾಗಿಂದ ಸೀದಾ ಅದರಾಗ ಜರಗತೀನಿ."

ಮಾವ ಬಂಡಿ ನೋಡಿದ. ಅದರ ಹಿಂಭಾಗದ ಎತ್ತರವನ್ನು ಕಣ್ಣಲ್ಲೇ ಅಳೆದ, ಹರಿಗೋಲಿನ ಅಂಚು ನೋಡಿದ. ಎತ್ತುಗಳ ಮೈ ತೊಳೆಯಲು ಹೇಗೂ ನೀರಿಗಿಳಿಸಬೇಕಲ್ಲ ಎಂದು ಅತ್ತಿಗೆಯ ಅಪ್ಪನೂ ಒಪ್ಪಿದರು. ಹರಿಗೋಲಿನವನು ಮಾತ್ರ ಗೊಣಗಿದ. ಬಂಡಿಯ ಕಬ್ಬಿಣ ತಾಗಿ ತಳ ಹರಿದರೆ ಹಬ್ಬದ ದಿನ ನನ್ನ ಗತಿಯೇನು ಎಂದ. ಗೋಣಿಚೀಲ ಹಾಸಿ ಅವನನ್ನು ಸಮಾಧಾನ ಮಾಡಿದ್ದಾಯಿತು. ಅಷ್ಟರಲ್ಲಿ ಅತ್ತಿಗೆಯೂ ಉಳಿದ ಹೆಂಗಸರೂ ಬೇರೆ ಹರಿಗೋಲುಗಳಲ್ಲಿ ದಾಟಿಬಿಟ್ಟಿದ್ದರು.

ಎತ್ತುಗಳು ಹಿಂದಕ್ಕೆ ನಡೆಯಲು ಒಪ್ಪುವುದಿಲ್ಲ. ಆದ್ದರಿಂದ ನೀರೊಳಗೆ ಇಳಿಸಿ, ಅಲ್ಲೇ ಒಂದು ಸುತ್ತು ತಿರುಗಿಸಿ, ಬಂಡಿಯ ಹಿಂಭಾಗ ನದಿಯ ಕಡೆಗಾಗುವಂತೆ ನಿಲ್ಲಿಸಿದರು. ಗಾಲಿಗಳ ನಟ್ಟನಡುವಿನ ಗುಂಭ ಮುಳುಗಿತು. ಹರಿಗೋಲು ತೇಲಿಕೊಂಡು ಬಂದು ಬಂಡಿಗೆ ತಾಗಿತು. ಎರಡೂ ಸಮಸಮ. ಮಾವ ಒಂದು ಕಡೆ, ಹರಿಗೋಲಿನವನು ಒಂದು ಕಡೆ ಅಂಚು ಹಿಡಿದು, ಮುಖ ಆಚೆ ತಿರುಗಿಸಿ ನಿಂತರು. ಹಾಗೆ ತಿರುಗಿಸಿ ಎಂದು ನಾನು ಹೇಳಿರಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅಂಗೈ ಊರಿದೆ, ಜರುಗಿದೆ, ಧಪ್ಪೆಂದು ಹರಿಗೋಲಿನ ತಳಕ್ಕೆ ಬಿದ್ದೆ. ತಳದಲ್ಲಿದ್ದ ನೀರಿಗೆ ಸೀರೆಯೆಲ್ಲ ತೊಯ್ದು ತೊಪ್ಪೆ. ನಾನು ನಗಲು ಶುರು ಮಾಡಿದೆ, ನಿಲ್ಲಲೇ ಇಲ್ಲ.

ನನ್ನ ಹಿಂದೆ ಮಾವ ಹತ್ತಿದ, ಅವ್ವನೂ ಹತ್ತಬೇಕಾಯಿತು. ಈಚೆ ಕೂರಲು ಅವಳಿಗೆ ಈಗ ಕಾರಣವೇ ಉಳಿದಿರಲಿಲ್ಲ. ಕಣ್ಣು ಮುಚ್ಚಿ, ನನ್ನ ಹೆಗಲು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದು, ದಾಟುವ ತನಕ ಗಂಗವ್ವನನ್ನೂ ನನ್ನನ್ನೂ ಸರದಿಯ ಮೇಲೆ ಬೈದಳು. ಹರಿಗೋಲು ಗಿರ್ರನೆ ತಿರುಗಿದಾಗ ನನಗೆ ಆಕಾಶವೇ ತಿರುಗಿದ ಖುಷಿ, ಅವಳಿಗೆ ಜೀವ ಹೋದ ಹೆದರಿಕೆ.

ಆಚೆ ದಡದಲ್ಲಿ ಹರಿಗೋಲನ್ನು ಉಸುಕಿನ ಮೇಲೆಳೆದು ವಾಲಿಸಿದರು. ಮೊರದಿಂದ ಕಾಳು ಜಾರಿದ ಹಾಗೆ ನಾನು ಹೊರಗೆ ಜಾರಿದೆ. ಅಷ್ಟು ದೂರದಲ್ಲಿ ನನ್ನ ಕುರ್ಚಿ. ಅದರಲ್ಲಿ ಅಜ್ಜಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಏಳು ಎಂದರೆ ಏಳಲಿಲ್ಲ. ಎದ್ದರೂ ಪ್ರಯೋಜನವಿರಲಿಲ್ಲ, ಸೈಕಲ್ ಚಕ್ರಗಳು ಅರ್ಧಕ್ಕರ್ಧ ಉಸುಕಿನಲ್ಲಿ ಹೂತುಹೋಗಿದ್ದವು. ಗದ್ದೆಯ ಗಾಲಿ ಮಾಡುವವನಿಗೆ ಉಸುಕು ಹೊಳೆಯಲಿಲ್ಲವಲ್ಲ ಎಂದು ಮಾವ ಅಜ್ಜಿಯಿಂದ ಬೈಸಿಕೊಂಡು ಗಂಡಸರ ದಡಕ್ಕೆ ವಾಪಸು ಹೋದ. ಸಾಯಂಕಾಲದ ತನಕ ಆ ಕುರ್ಚಿಯ ಮೇಲೆ ಅಜ್ಜಿಯೇ ಮೆರೆದಳು.

ಜಳಕದ ಜಾಗ ನಡುಗಡ್ಡೆಯ ಆಚೆ ಮಗ್ಗುಲಿಗೆ. ನಾನು ಅಂಗೈ ಊರಿ ಹೊರಟೆ. ಬೆಚ್ಚಗಿನ ಉಸುಕು, ಮನೆಯ ಕಡಪಾ ಕಲ್ಲಿಗಿಂತ ಮೆತ್ತಗೆ. ಮೊಟ್ಟಮೊದಲ ಸಲ ನಾನು ನಾಲ್ಕು ಜನರ ಮುಂದೆ ಹೀಗೆ ಹೋಗುತ್ತಿದ್ದೆ. ಅವ್ವ ಗಾಬರಿಯಿಂದ ಸೆರಗು ಅಗಲ ಮಾಡಿಕೊಂಡು ಪಕ್ಕದಲ್ಲೇ ಓಡಿ ಬಂದಳು. ನೀರಲ್ಲಿದ್ದ ಹೆಂಗಸರು ಒಂದು ಗಳಿಗೆ ನೋಡಿದರು. ಆಮೇಲೆ ಅತ್ತಿಗೆ ಎಳ್ಳಿನ ಬಟ್ಟಲು ಹಿಡಿದು, ಲಗೂ ಬಾ, ಬೆನ್ನು ತಿಕ್ಕುವವರಿಲ್ಲ ಎಂದು ಕರೆದಳು. ಉಳಿದವರು ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ಅಷ್ಟೇ. ಇಷ್ಟು ವರ್ಷ ನಾವು ಹೆದರಿದ್ದು ಇಷ್ಟಕ್ಕೇ.

ನಾನು ನೀರಿಗಿಳಿದೆ. ಕೂತರೆ ಎದೆಮಟ್ಟ ಬರುವಷ್ಟು ನೀರಿನಲ್ಲಿ ಕೂತೆ. ಕಾಲುಗಳು ತಾವಾಗಿಯೇ ಮೇಲೆ ತೇಲಿ ಬಂದವು, ಅವು ನನ್ನವೇ ಎಂದು ನಂಬಲಾಗದಷ್ಟು ಹಗುರ. ನನಗೆ ಆದ ಸಂತೋಷವನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು, ಹೊಟ್ಟೆ ತುಂಬ ಸಂತೋಷವಾಯಿತು. ಅತ್ತಿಗೆ ಬೆನ್ನು ಕೊಟ್ಟಳು, ತಿಕ್ಕಿದೆ. ನಿನ್ನ ಕೈಯಲ್ಲಿ ಎಷ್ಟು ಕಸುವೇ ಎಂದು ಅವಳು ಹಾರಿಬಿದ್ದಳು. ಇನ್ನೊಬ್ಬರು ಬಂದು ಬೆನ್ನು ಕೊಟ್ಟರು.

ಅವ್ವ ಇನ್ನೂ ದಂಡೆಯಲ್ಲೇ ಸೆರಗು ಹಿಡಿದು ನಿಂತಿದ್ದಳು. ಮರೆ ಮಾಡಲು ಅಲ್ಲಿ ಏನೂ ಇರಲಿಲ್ಲ. ನಾನು ಕರೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಹೆಜ್ಜೆ ಇಟ್ಟಳು. ಕಾಲಡಿಯ ಉಸುಕು ಸೆಳವಿಗೆ ಜಾರಿತು, ಬೀಳುವ ಹಾಗಾಗಿ ಅಲ್ಲೇ ನಿಂತಳು. ಮುಂದೆ ಬರಲೂ ಆಗದು, ಹಿಂದೆ ಹೋಗಲೂ ಆಗದು. ನನ್ನ ಕಡೆ ಕೈ ಚಾಚಿದಳು.

"ಕೈ ಹಿಡೀ ಬೇ" ಎಂದಳು. "ನನ್ನ ಕಾಲ ನಿಂದ್ರವಲ್ವು."

ನಾನು ನೆಲಕ್ಕೆ ಗಟ್ಟಿಯಾಗಿ ಕೂತಿದ್ದೆ, ನನಗೆ ಜಾರುವ ಭಯವಿರಲಿಲ್ಲ. ಎರಡೂ ಕೈಯಿಂದ ಹಿಡಿದು ಅವಳನ್ನು ಮೆಲ್ಲಗೆ ನೀರಿಗೆ ಇಳಿಸಿಕೊಂಡು, ನನ್ನ ಮುಂದೆ ಕೂಡಿಸಿ, ಬೆನ್ನಿಗೆ ಎಳ್ಳು ಹಚ್ಚಿದೆ.