ಖಾಲಿ ಮನೆಗೆ ಪರದೆ ಕಟ್ಟಿದಾಕೆ

ನಮ್ಮ ಬೀದಿಯಲ್ಲಿ ಯಾರೂ ಮುಂಬಾಗಿಲಲ್ಲಿ ಓಡಾಡುವುದಿಲ್ಲ. ಮುಂಬಾಗಿಲು ಬಡಿದ ಸದ್ದು ಕೇಳಿದರೆ ಪೊಲೀಸರು ಬಂದಿದ್ದಾರೆ, ಇಲ್ಲವೇ ಓಟು ಕೇಳುವವರು, ಇಲ್ಲವೇ ನಮ್ಮ ಆತ್ಮ ಉದ್ಧಾರ ಮಾಡುವ ಬಿಳಿ ಅಂಗಿಯ ಹುಡುಗರು ಎಂದರ್ಥ. ಬೇಕಾದವರು ಹಿಂದಿನ ಓಣಿಯಿಂದ ಬಂದು ಅಡುಗೆಮನೆಯ ಬಾಗಿಲು ತಟ್ಟುತ್ತಾರೆ. ಆರ್ವೆಲ್ಲಾ ಗೇನ್ಸ್ ನಲವತ್ತೊಂದು ವರ್ಷ ಬಾಳಿದ ಮನೆಯನ್ನು ಕಳೆದುಕೊಂಡದ್ದು ಈ ರೂಢಿಯ ದೆಸೆಯಿಂದ ಎಂದು ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಶುದ್ಧ ಸುಳ್ಳು. ಕಾರಿನಿಂದ ಕೆಳಗಿಳಿಯಲು ಸೋಮಾರಿತನ ಮಾಡಿದ ಜನರಿಂದ ಕಳೆದುಕೊಂಡದ್ದು. ಅದನ್ನು ಬರೆಯದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ನಾನು ಲಿಯೋಟಿಸ್ ಬ್ಯಾಟಲ್. ಸೇಂಟ್ ಲೂಯಿಸ್ ಊರಿನ ಉತ್ತರ ಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ನನ್ನ ಮನೆಯ ಬೆನ್ನು ಆರ್ವೆಲ್ಲಾ ಅವರ ಮನೆಯ ಬೆನ್ನಿಗೆ, ನಡುವೆ ಓಣಿ. ನನಗಿಂತ ಎಂಟು ವರ್ಷ ದೊಡ್ಡವರಾದ್ದರಿಂದ ನಾನು ಮಿಸ್ ಆರ್ವೆಲ್ಲಾ ಎನ್ನುತ್ತಿದ್ದೆ. ಆಕೆ ನನ್ನನ್ನು ಮನಸ್ಸು ಬಂದ ಹಾಗೆ ಕರೆಯುತ್ತಿದ್ದರು.

ಐದನೆಯ ವಯಸ್ಸಿಗೆ ತಾಯಿಯ ಸೆರಗು ಹಿಡಿದು ದಕ್ಷಿಣದ ಹತ್ತಿ ಹೊಲಗಳಿಂದ ರೈಲಿನಲ್ಲಿ ಬಂದವರು ಆಕೆ. ಮೂವತ್ತಮೂರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದರು. ಈ ಭಾಗದಲ್ಲಿ ಈಗ ನಡುವಯಸ್ಸು ದಾಟಿದ ಯಾರನ್ನು ಕೇಳಿದರೂ ಆಕೆ ಮಾಡುತ್ತಿದ್ದ ಬನ್ನಿನ ಹೆಸರು ಹೇಳುತ್ತಾರೆ. ಗಂಡ ಹಾರ್ಲನ್ ಗಾರೆ ಕೆಲಸದವರು. ಹಳೆಯ ಇಟ್ಟಿಗೆ ಗೋಡೆಯ ಸಂದು ಕೆದಕಿ ಹೊಸ ಗಾರೆ ತುಂಬುವುದರಲ್ಲಿ ಅವರ ಕೈ ಊರಿಗೇ ಗೊತ್ತು. ಎರಡಂತಸ್ತಿನ ಕೆಂಪು ಇಟ್ಟಿಗೆಯ ಮನೆಯನ್ನು ಗಂಡಹೆಂಡತಿ ಕೊಂಡು, ಅದರ ಒಂದೊಂದು ಸಂದನ್ನೂ ಹಾರ್ಲನ್ ತಾವೇ ಕೂತು ತುಂಬಿದರು. ಅವರು ತೀರಿಕೊಂಡು ಹನ್ನೆರಡು ವರ್ಷವಾದರೂ ಮನೆ ಅವರ ಹೆಸರಿನಲ್ಲೇ ಇತ್ತು. ಹೆಸರು ಬದಲಾಯಿಸಲು ಕಚೇರಿ ಅಲೆಯುವ ಕೆಲಸವನ್ನು ನಮ್ಮ ಬೀದಿಯಲ್ಲಿ ಯಾವ ವಿಧವೆಯೂ ಮಾಡಿಲ್ಲ.

ಹಾರ್ಲನ್ ಹೋದ ಮರುವರ್ಷ ಈಸ್ಟರ್ ಹಬ್ಬದ ಮಧ್ಯಾಹ್ನ ಬೀದಿಯಲ್ಲಿ ಯಾರೋ ಯಾರಿಗೋ ಹೊಡೆದ ಗುಂಡು ಆರ್ವೆಲ್ಲಾ ಅವರ ಮುಂದಿನ ಕಿಟಕಿಯಿಂದ ಒಳಬಂದು ಸೋಫಾದ ಬೆನ್ನಿಗೆ ನಾಟಿತು. ಆಕೆ ಆಗ ಅಡುಗೆಮನೆಯಲ್ಲಿದ್ದರು, ಬದುಕಿಕೊಂಡರು. ಮಾರನೆಯ ದಿನವೇ ಮಂಚ, ಟಿವಿ, ಬೈಬಲ್ಲು ಎಲ್ಲ ಹಿಂದಿನ ಕೋಣೆಗೆ ಬಂದವು. ಮುಂದಿನ ಕಿಟಕಿಗಳಿಗೆ ಹಲಗೆ ಹೊಡೆದದ್ದು ನಾನೇ.

"ಮುಂದಿನ ಭಾಗ ಬೀದಿಗೆ ಬಿಟ್ಟೆ ಕಣೋ. ಹಿಂದಿನದು ನನಗೆ ಸಾಕು," ಎಂದರು.

ಇನ್ನು ನಮ್ಮಲ್ಲಿ ಮನೆಗಳು ಹೇಗೆ ಸಾಯುತ್ತವೆ ಎಂಬುದನ್ನು ಹೇಳಬೇಕು. ಮನೆ ಖಾಲಿಯಾದ ವಾರದಲ್ಲೇ ತಾಮ್ರದ ಕೊಳವೆ ಹೋಗುತ್ತದೆ. ಆಮೇಲೆ ಕಬ್ಬಿಣ, ಬಾಗಿಲು, ಮೆಟ್ಟಿಲ ಕಟಕಟೆ. ಕೊನೆಗೆ ಬೆಂಕಿ. ಬೆಂಕಿ ಬೀಳುವುದಲ್ಲ, ಹಚ್ಚುವುದು. ಆರಿಸಲು ಬಂದವರ ನೀರಿನ ರಭಸಕ್ಕೆ ಗಾರೆ ಸಡಿಲವಾಗಿ ಇಟ್ಟಿಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಆ ಇಟ್ಟಿಗೆ ಲಾರಿ ಹತ್ತಿ ದಕ್ಷಿಣದ ಊರುಗಳಿಗೆ ಹೋಗಿ ಉಳ್ಳವರ ಅಂಗಳಕ್ಕೆ ಹಾಸಾಗುತ್ತದೆ. ಹಳೆಯ ಇಟ್ಟಿಗೆ ಎಷ್ಟು ಚಂದ ಎಂದು ಅವರು ಅದರ ಮೇಲೆ ಕುರ್ಚಿ ಹಾಕಿಕೊಂಡು ತಂಪು ಪಾನೀಯ ಕುಡಿಯುತ್ತಾರೆ. ಕಳ್ಳರ ಕೇರಿ ಎಂಬ ಹೆಸರು ಮಾತ್ರ ನಮ್ಮದು.

ಇದಕ್ಕೆ ಆರ್ವೆಲ್ಲಾ ಕಂಡುಕೊಂಡ ಉಪಾಯವೆಂದರೆ ಮನೆ ಖಾಲಿಯಾಗಿದೆ ಎಂದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳುವುದು. ಪಕ್ಕದ ಮನೆಯ ಡೆಲ್ಫೀನ್ ಹಾಬ್ಸ್ ಆಕೆಯ ಜೀವದ ಗೆಳತಿ. ಸೊಂಟ ಮುರಿದುಕೊಂಡು ಊರಿನ ಆ ತುದಿಯ ಆರೈಕೆ ಮನೆ ಸೇರಿದಾಗ ಡೆಲ್ಫೀನ್ ಕೇಳಿದ್ದು ಒಂದೇ ಮಾತು, ನಾನು ವಾಪಸು ಬರೋವರೆಗೆ ನನ್ನ ಮನೆ ನಿಂತಿರಲಿ ಎಂದು. ಆರ್ವೆಲ್ಲಾ ಮಾತು ಕೊಟ್ಟರು. ತಮ್ಮ ಮುಂದಿನ ಕೋಣೆಯ ಪರದೆಗಳನ್ನು ಬಿಚ್ಚಿ ಅಲ್ಲಿ ಕಟ್ಟಿದರು. ತಮ್ಮ ಜಗಲಿಯ ಕುರ್ಚಿ, ಹೂಕುಂಡ ಎಲ್ಲ ಅಲ್ಲಿಗೆ ಸಾಗಿಸಿದರು. ಮಂಗಳವಾರ ಕಸದ ಡಬ್ಬಿ ಓಣಿಗೆ ಹೊರಳುತ್ತಿತ್ತು. ಕ್ರಿಸ್ಮಸ್ ಬಂದರೆ ಬಾಗಿಲಿಗೆ ಹಸಿರು ಬಳ್ಳಿಯ ಚಕ್ರ. ಹುಲ್ಲು ಕತ್ತರಿಸುವುದು ನನ್ನ ಪಾಲು. ಒಂದರಿಂದ ಶುರುವಾದದ್ದು ನಾಲ್ಕು ಖಾಲಿ ಮನೆಗಳ ಸಂಸಾರವಾಯಿತು.

ಒಂದು ಸಲ ನನ್ನ ಹಳೆಯ ಬೂಟುಗಳನ್ನು ಡೆಲ್ಫೀನ್ ಮನೆಯ ಮೆಟ್ಟಿಲ ಮೇಲಿಡಲು ಕೇಳಿದರು. ತೊಳೆದು ಒರೆಸಿ ಕೊಟ್ಟೆ.

"ಅಯ್ಯೋ ಮಂಕೇ, ತೊಳೆದ್ಬಿಟ್ಯಾ?" ಎಂದು ಹಣೆ ಚಚ್ಚಿಕೊಂಡರು. "ದುಡಿದು ಬಂದ ಗಂಡಸಿನ ಬೂಟು ಹೀಗಿರುತ್ತಾ? ಇದನ್ನ ನೋಡಿದ್ರೆ ಕಳ್ಳ ಹೆದರೋದಿರ್ಲಿ, ಪಾಲಿಶ್ ಹಾಕಿ ಹೋಗ್ತಾನೆ."

"ನಿಮ್ಮ ಮನೆ ಮುಂದೆ ಒಂದು ಕುಂಡ ಇಲ್ಲ, ಪರದೆ ಇಲ್ಲ, ಹಲಗೆ ಹೊಡ್ಕೊಂಡು ಭೂತದ ಮನೆ ಥರ ಇದೆ. ಮೊದ್ಲು ಅದನ್ನ ನೋಡಿ, ಮಿಸ್ ಆರ್ವೆಲ್ಲಾ."

"ಅದ್ರಲ್ಲಿ ನಾನೇ ಇದೀನಲ್ಲೋ. ನನಗಿಂತ ಅಲಂಕಾರ ಬೇಕಾ?"

ಭಾನುವಾರ ಚರ್ಚು ಮುಗಿಸಿ ಬಂದರೆ ಡೆಟ್ರಾಯಿಟಿನಿಂದ ತಂಗಿ ಅರ್ನೆಟ್ಟಾಳ ಫೋನು. ಸ್ಪೀಕರಿಗೆ ಹಾಕಿ ಆಡುವ ಆ ಮಾತು ಓಣಿಗೆಲ್ಲ ಕೇಳಿಸುತ್ತಿತ್ತು.

"ನಿಮ್ಮೂರಲ್ಲಿ ಈ ವಾರ ಏನಕ್ಕಾ ಕಿತ್ಕೊಂಡು ಹೋದ್ರು?"

"ಮೂಲೆ ಮನೆ ಹಿಂದಿನ ಗೋಡೆ ಕಣೇ. ಪೂರ್ತಿ ಗೋಡೆ!"

"ಅಷ್ಟೇನಾ? ನಮ್ಮಲ್ಲಿ ಚರ್ಚಿನ ಗಂಟೇನೇ ಹೋಯ್ತು. ಪಾದ್ರಿ ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಾ ಇದ್ನಂತೆ!"

"ಗಂಟೆ ಒಂದು. ಇಟ್ಟಿಗೆ ಎಷ್ಟು ಸಾವಿರ! ಈ ವಾರ ನಾವೇ ಗೆದ್ವಿ ಬಿಡು."

"ಗೆಲ್ಲೋ ಮುಖ ನೋಡು. ಬಾಲ್ಟಿಮೋರಿನ ಚಿಕ್ಕಮ್ಮನ ಮಗನ್ನ ಕೇಳಿದ್ಯಾ? ಅಲ್ಲೆಲ್ಲ ಅಂಟಿಕೊಂಡಿರೋ ಸಾಲು ಮನೆ. ಮಧ್ಯದ್ದಕ್ಕೆ ಬೆಂಕಿ ಇಟ್ರೆ ಅಕ್ಕಪಕ್ಕದ್ದೂ ಕರಕಲು."

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅನುಭವಿಸಿದವರು ತಮ್ಮ ಗಾಯ ಹೋಲಿಸಿಕೊಂಡು ನಕ್ಕರೆ ಅದು ಅವರ ಹಕ್ಕು. ಆದರೆ ಇದೇ ಲೆಕ್ಕವನ್ನು ಹೊಟ್ಟೆಪಾಡು ಮಾಡಿಕೊಂಡವರಿದ್ದಾರೆ. ಎಂಟು ಊರುಗಳ ಬಡ ಕೇರಿಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಹೆಚ್ಚು ಕೊಲೆ, ಎಲ್ಲಿ ಹೆಚ್ಚು ಕಳ್ಳತನ, ಯಾವುದು ಹೆಚ್ಚು ಹಾಳು ಎಂದು ಅಂಕ ಹಾಕುವ ಸರ್ಕಾರಿ ಗುತ್ತಿಗೆಯನ್ನು ಒಂದು ಕಂಪನಿ ಹಿಡಿದಿತ್ತು. ಪಟ್ಟಿಯಲ್ಲಿ ಪೂರ್ತಿ ಹಾಳು ಎಂದು ಬಂದ ಖಾಲಿ ಮನೆಗಳನ್ನು ಕೆಡಹುವ ಗುತ್ತಿಗೆಯೂ ಅದಕ್ಕೇ. ಹಾಳು ಹೆಚ್ಚಿದಷ್ಟೂ ಕೆಲಸ ಹೆಚ್ಚು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮೇ ತಿಂಗಳ ಒಂದು ಬೆಳಿಗ್ಗೆ ಬಿಳಿ ಕಾರು ನಡಿಗೆಯ ವೇಗದಲ್ಲಿ ಬಂತು. ಗಾಜು ಪೂರ್ತಿ ಏರಿಸಿತ್ತು. ಒಳಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಮನೆಗೊಂದು ಫೋಟೋ, ಮನೆಗೊಂದು ಅಂಕ, ಮುಂದಕ್ಕೆ. ಆರ್ವೆಲ್ಲಾ ಡೆಲ್ಫೀನ್ ಜಗಲಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು, ನಾನು ಅಲ್ಲೇ ಹುಲ್ಲು ಕತ್ತರಿಸುತ್ತಿದ್ದೆ. ಕಾರು ನಿಂತಿತು. ಗಾಜು ಎರಡು ಬೆರಳಿನಷ್ಟು ಇಳಿಯಿತು.

"ಅಮ್ಮಾ, ಈ ಮನೆ ನಿಮ್ದಾ?"

"ಮತ್ತಿನ್ಯಾರ್ದು? ನಾಲ್ಕು ಜನ ಇದೀವಿ. ಮೊಮ್ಮಗನಿಗೆ ರಾತ್ರಿ ಪಾಳಿ, ಮಲಗಿದಾನೆ. ಮೆತ್ತಗೆ ಮಾತಾಡು ಮಗಳೇ."

"ಪಕ್ಕದ್ದು? ಆ ಹಲಗೆ ಹೊಡೆದಿರೋದು?"

ಆರ್ವೆಲ್ಲಾ ಒಂದು ಗಳಿಗೆ ತಮ್ಮ ಮನೆಯ ಕಡೆ ನೋಡಿದರು. ಒಂಟಿ ಮುದುಕಿ ಯಾವ ಮನೆಯಲ್ಲಿದ್ದಾಳೆ ಎಂದು ಕಾರಿನಲ್ಲಿ ಬಂದ ಅಪರಿಚಿತರಿಗೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಕಳ್ಳರು ಕೂಡ ಹೀಗೇ ವಿಚಾರಿಸಿಕೊಂಡು ಬರುತ್ತಾರೆ. ಅಲ್ಲದೆ ಎರಡೂ ಮನೆ ತಮ್ಮವೇ ಎಂದರೆ ಯಾರು ನಂಬುತ್ತಾರೆ?

"ಅದಾ? ಯಾರದೋ ಏನೋ. ನಾನಂತೂ ಯಾರನ್ನೂ ನೋಡಿಲ್ಲಮ್ಮ."

ಹುಡುಗಿ ಫೋನಿನಲ್ಲಿ ಏನೋ ಒತ್ತಿಕೊಂಡಳು. ಗಾಜು ಏರಿತು. ಇಳಿದು ಹಿಂದಕ್ಕೆ ಹೋಗಿ ನೋಡಿದ್ದರೆ ಒಣಹಾಕಿದ ಬಟ್ಟೆ, ಟೊಮೇಟೊ ಗಿಡ, ಅಡುಗೆಮನೆಯ ದೀಪ, ಎಲ್ಲ ಕಾಣುತ್ತಿತ್ತು. ಇಪ್ಪತ್ತು ಹೆಜ್ಜೆ. ಓದಿದ ಮಕ್ಕಳ ಕಾಲಿಗೆ ಇಪ್ಪತ್ತು ಹೆಜ್ಜೆ ಭಾರವಾಯಿತು!

"ಸ್ವಂತ ಮನೇನೇ ಯಾರದೋ ಅಂದ್ಬಿಟ್ರಲ್ಲ," ಎಂದು ನಾನು ರೇಗಿಸಿದೆ.

"ಗೋಡೆಗೇನು ಬೇಜಾರಾಗುತ್ತಾ? ಹೋಗೋ, ಆ ಮೂಲೇಲಿ ಹುಲ್ಲು ಹಾಗೇ ಇದೆ," ಎಂದು ನಕ್ಕರು.

ಆಗಸ್ಟಿನಲ್ಲಿ ಆಕೆಯ ಮುಂಬಾಗಿಲಿಗೆ ಹಳದಿ ಕಾಗದವೊಂದು ಅಂಟಿತು. ಮೂವತ್ತು ದಿನದೊಳಗೆ ಆಕ್ಷೇಪಣೆ ಬರದಿದ್ದರೆ ಕೆಡಹಲಾಗುವುದು ಎಂದು ಅದರಲ್ಲಿತ್ತಂತೆ. ಮುಂಬಾಗಿಲನ್ನು ಆಕೆ ವರ್ಷಗಳಿಂದ ತೆರೆದಿರಲಿಲ್ಲ. ಆದರೆ ನಾನು ನೋಡಿದ್ದೆ. ಹುಲ್ಲು ಕತ್ತರಿಸುವಾಗ ಎರಡು ಸಲ ನೋಡಿದೆ. ನಮ್ಮ ಬೀದಿಯ ಬಾಗಿಲುಗಳಿಗೆ ದಿನಕ್ಕೊಂದು ಕಾಗದ ಅಂಟಿಸುತ್ತಾರೆ, ಇದೂ ಒಂದು ಎಂದುಕೊಂಡೆ. ನಾಲ್ಕು ಮೆಟ್ಟಿಲು ಹತ್ತಿ ಓದಲಿಲ್ಲ. ಕಾರಿನವರನ್ನು ಬೈಯುವಾಗಲೆಲ್ಲ ಈ ನಾಲ್ಕು ಮೆಟ್ಟಿಲು ಅಡ್ಡ ಬರುತ್ತವೆ.

ಸೆಪ್ಟೆಂಬರಿನ ಒಂದು ಗುರುವಾರ ಆರ್ವೆಲ್ಲಾ ಬೆಣ್ಣೆ ಕೇಕ್ ಮಾಡಿಕೊಂಡು ಡೆಲ್ಫೀನ್ ನೋಡಲು ಬೆಳಗಾಗುತ್ತಲೇ ಬಸ್ಸು ಹತ್ತಿದ್ದರು. ಹನ್ನೊಂದು ಗಂಟೆಗೆ ನೆಲ ನಡುಗಿತು. ನಾನು ಓಣಿಯಿಂದ ಮುಂದಕ್ಕೆ ಓಡಿ ಬರುವಷ್ಟರಲ್ಲಿ ಕೆಡಹುವ ಯಂತ್ರದ ಕೈ ಮುಂದಿನ ಗೋಡೆಯನ್ನು ಎಳೆದು ಹಾಕಿತ್ತು. ಹಾರ್ಲನ್ ಸಂದು ಸಂದಿಗೂ ಗಾರೆ ತುಂಬಿದ ಗೋಡೆ.

"ನಿಲ್ಸಯ್ಯಾ! ಜನ ಇರೋ ಮನೆ ಇದು!" ಎಂದು ಅರಚಿದೆ.

ಯಂತ್ರ ನಿಂತಿತು. ಓಡಿಸುತ್ತಿದ್ದ ವರ್ಡೆಲ್ ನಮ್ಮ ಕಡೆಯವನೇ, ಕೆಳಗೆ ಹಾರಿ ಬಂದ. ಮೇಲ್ವಿಚಾರಕ ಮಾತ್ರ ಕಾಗದ ನೋಡುತ್ತಲೇ ಹೇಳಿದ, "ದಾಖಲೆ ಪ್ರಕಾರ ಖಾಲಿ."

"ಒಲೆ ಮೇಲೆ ಸೊಪ್ಪಿನ ಪಾತ್ರೆ ಇದೆ ನೋಡ್ರೀ! ಖಾಲಿ ಮನೇಲಿ ದೆವ್ವ ಬಂದು ಬೇಯಿಸ್ತಾ?"

"ಯಾರಾದ್ರೂ ನುಗ್ಗಿ ಸೇರ್ಕೊಂಡಿರ್ತಾರೆ. ಈ ಏರಿಯಾದಲ್ಲಿ ಅದೇನು ಹೊಸದಾ?"

ನನ್ನ ಕೈ ಎದ್ದೇಬಿಡುತ್ತಿತ್ತು. ಅಷ್ಟರಲ್ಲಿ ಆರ್ವೆಲ್ಲಾ ಬೀದಿಯ ತುದಿಯಿಂದ ಖಾಲಿ ಕೇಕ್ ತಟ್ಟೆ ಹಿಡಿದು ಬಂದರು. ತಮ್ಮ ಕೋಣೆಯ ಗುಲಾಬಿ ಹೂವಿನ ಗೋಡೆ ಕಾಗದ ಬೀದಿಗೆ ತೆರೆದು ಕಾಣುವುದನ್ನು ನೋಡಿದರು. ನೆಟ್ಟಗೆ ವರ್ಡೆಲ್ ಹತ್ತಿರ ಹೋದರು.

"ಈಗ ಬಿಟ್ಟು ಹೋದ್ರೆ ನಿಲ್ಲುತ್ತೇನಪ್ಪಾ?"

ಅವನು ತಲೆಯ ಮೇಲಿನ ಟೋಪಿ ತೆಗೆದ. "ಇಲ್ಲಮ್ಮಾ. ಮುಂದಿನ ಗೋಡೆ ಹೋದ್ಮೇಲೆ ಮೇಲಂತಸ್ತಿಗೆ ಆಧಾರ ಇಲ್ಲ. ಇವತ್ತಲ್ಲ ನಾಳೆ ನಿಮ್ಮ ತಲೆ ಮೇಲೆ ಬೀಳುತ್ತೆ. ನನ್ನನ್ನ ಕ್ಷಮಿಸಿ."

ಮೇಲ್ವಿಚಾರಕ ತನ್ನ ಫೋನಿನಲ್ಲಿ ಫೋಟೋ ತೋರಿಸಿದ. ಡೆಲ್ಫೀನ್ ಜಗಲಿಯಲ್ಲಿ ನೀರು ಹಾಕುತ್ತಿದ್ದ ಆರ್ವೆಲ್ಲಾ.

"ಇದು ನೀವೇ ಅಲ್ವಾ? ಪಕ್ಕದ ಮನೆಯವರು. ಈ ಯಜಮಾನ್ರು ಗಲಾಟೆ ಮಾಡಿದ್ರಿಂದ ನನಗೊಂದು ಹೇಳಿಕೆ ಬೇಕು. ಇಲ್ಲಿ ಯಾರೂ ವಾಸ ಇರ್ಲಿಲ್ಲ ಅಂತ ನೆರೆಯವರು ಸಹಿ ಹಾಕಿದ್ರೆ ಮುಗೀತು."

"ನೆರೆಯವರಲ್ಲ! ಅವರು ಇದೇ—" ಎನ್ನುವಷ್ಟರಲ್ಲಿ ಆರ್ವೆಲ್ಲಾ ನನ್ನ ತೋಳು ಹಿಡಿದು ಚಿವುಟಿದರು.

"ಆ ಮನೆಯವರಲ್ಲ ಅಂತೀರಾ? ಹಾಗಾದ್ರೆ ಅದು ಖಾಲಿ ಅಂತಾಯ್ತು," ಎಂದು ಅವನು ಡೆಲ್ಫೀನ್ ಮನೆಯ ಕಡೆ ಬೆರಳು ತೋರಿಸಿದ. "ಅದನ್ನೂ ಪಟ್ಟಿಗೆ ಹಾಕ್ಬೇಕಾಗುತ್ತೆ."

ಆರ್ವೆಲ್ಲಾ ನನ್ನನ್ನು ಪಕ್ಕಕ್ಕೆ ಎಳೆದರು.

"ಬಾಯಿ ಮುಚ್ಕೊಂಡಿರು ಲಿಯೋಟಿಸ್. ನಂದು ಹೋಯ್ತು. ಈಗ ನಿಜ ಹೇಳಿದ್ರೆ ಡೆಲ್ಫೀನಂದೂ ಹೋಗುತ್ತೆ. ಬೆಳಿಗ್ಗೆ ತಾನೇ ಕೇಳಿದ್ಲು, ಮೆಟ್ಟಿಲು ಹತ್ತೋಕೆ ಅಭ್ಯಾಸ ಮಾಡ್ತಿದೀನಿ, ನಮ್ಮನೆ ಮೆಟ್ಟಿಲು ಎಷ್ಟಿದಾವೆ ಅಂತ."

"ಅನ್ಯಾಯ ಮಾಡಿದೋನು ಅವನು, ಸುಳ್ಳು ಸಹಿ ನಿಮ್ಮದಾ?"

"ನಾನೇ ಹೇಳಿದ ಸುಳ್ಳು ತಾನೇ. ನಾನೇ ಹಾಕ್ತೀನಿ."

ಯಂತ್ರದ ಚಕ್ರಗಳಿಗೆ ಸುತ್ತಿದ ಉಕ್ಕಿನ ಪಟ್ಟಿಯ ಮೇಲೆ ಕಾಗದ ಇಟ್ಟುಕೊಂಡು, ಶಾಲೆಯಲ್ಲಿ ಕಲಿತ ಗುಂಡಗಿನ ಅಕ್ಷರದಲ್ಲಿ ಆಕೆ ಸಹಿ ಹಾಕಿದರು. ಒಳಗೆ ಹೋಗಲು ಯಾರಿಗೂ ಅನುಮತಿ ಇಲ್ಲ ಎಂದು ಮೇಲ್ವಿಚಾರಕ ಕೂಗುತ್ತಿದ್ದರೂ ವರ್ಡೆಲ್ ಹಿಂಬಾಗಿಲಿನಿಂದ ಆರು ಸಲ ಒಳಗೆ ಹೋಗಿ ಬಂದ. ಬೈಬಲ್ಲು, ಹಾರ್ಲನ್ ಫೋಟೋ, ಬಟ್ಟೆಯ ಗಂಟು, ಕೊನೆಗೆ ಸೊಪ್ಪಿನ ಪಾತ್ರೆಯನ್ನೂ ತಂದು ಕೊಟ್ಟ. ಆಮೇಲೆ ಅವನೇ ಯಂತ್ರ ಹತ್ತಬೇಕಾಯಿತು. ಸಂಜೆಯೊಳಗೆ ಇಟ್ಟಿಗೆಗಳು ಒಪ್ಪವಾಗಿ ಜೋಡಣೆಯಾಗಿ ಲಾರಿ ಸೇರಿದವು. ಕಳ್ಳರು ಮಾಡಿದ್ದರೆ ಜೈಲು. ಇವರ ಹತ್ತಿರ ಸಹಿ ಇತ್ತು.

ಆರ್ವೆಲ್ಲಾ ಈಗ ಡೆಲ್ಫೀನ್ ಮನೆಯಲ್ಲಿದ್ದಾರೆ. ಇನ್ನು ಆ ಮನೆ ಖಾಲಿ ಎಂದು ಯಾರೂ ಅನ್ನುವಂತಿಲ್ಲವಾದ್ದರಿಂದ ನಡೆದದ್ದನ್ನು ಹೇಳಿ ನ್ಯಾಯ ಕೇಳಲು ನಾನು ಆ ಕಂಪನಿಯ ಕಚೇರಿಗೆ ಹೋದೆ. ಮೂರು ದಿನ ಕೂರಿಸಿದರು. ನಾಲ್ಕನೆಯ ದಿನ ಒಬ್ಬ ಗುಮಾಸ್ತ ಕಡತ ತೆಗೆದ.

"ನೋಡಿ ಸಾರ್, ಯಾರೂ ಇರ್ಲಿಲ್ಲ ಅಂತ ಪಕ್ಕದ ಮನೆಯವರೇ ಬರೆದುಕೊಟ್ಟಿದಾರೆ."

"ಬರೆದುಕೊಟ್ಟವರ ಹೆಸರು ಓದಿ."

"ಆರ್ವೆಲ್ಲಾ ಗೇನ್ಸ್."

"ಕೆಡವಿದ ಮನೆ ಯಾರ ಹೆಸರಲ್ಲಿತ್ತು? ಅದನ್ನೂ ಗಟ್ಟಿಯಾಗಿ ಓದಿ."

"ಹಾರ್ಲನ್ ಗೇನ್ಸ್."

ಅವನು ಎರಡು ಹೆಸರನ್ನೂ ಇನ್ನೊಮ್ಮೆ ನೋಡಿದ. ಈಗ ಹೊಳೆಯುತ್ತದೆ, ಈಗ ಹೊಳೆಯುತ್ತದೆ ಎಂದು ನಾನು ಮೇಜಿನ ಅಂಚು ಹಿಡಿದು ಕಾದೆ.

"ನಿಮ್ಮ ಕಡೆ ಈ ಗೇನ್ಸ್ ಅನ್ನೋ ಹೆಸರು ತುಂಬಾ ಜನಕ್ಕಿರುತ್ತೆ, ಅಲ್ವಾ?" ಎಂದು ಕೇಳಿ ಕಡತ ಮುಚ್ಚಿದ.