ಕನಕಮ್ಮ ಕೊಂಡೊಯ್ದ ಗಿಣ್ಣು

ನಮ್ಮೂರಿನಲ್ಲಿ ಗಿಣ್ಣುಹಾಲನ್ನು ಮಾರುವುದಿಲ್ಲ. ಹಸು ಈದ ಮೇಲೆ ಕರು ಕುಡಿದು ಮಿಕ್ಕಿದ್ದನ್ನು ಅಕ್ಕಪಕ್ಕದವರಿಗೆ, ನೆಂಟರಿಗೆ ಹಂಚುತ್ತೇವೆ. ಮಾರಿದರೆ ಕೆಚ್ಚಲು ಬತ್ತುತ್ತದೆ ಎಂದು ಹಿರಿಯರು ಹೆದರಿಸಿ ಇಟ್ಟಿದ್ದಾರೆ. ಗಿಣ್ಣು ತಂದವರ ಪಾತ್ರೆಯನ್ನು ಬರಿದು ಮಾಡಿ ಕಳಿಸುವಂತೆಯೂ ಇಲ್ಲ. ಒಂದು ಹಿಡಿ ಸಕ್ಕರೆಯೋ, ರಾಗಿಯೋ, ಏನಾದರೂ ಹಾಕಿ ಕೊಡಬೇಕು. ನಾನು ಅಂಗನವಾಡಿ ಟೀಚರು, ಇಂಥವಕ್ಕೆಲ್ಲ ಮೂಗು ಮುರಿಯುವವಳು. ಆದರೂ ಇವೆರಡನ್ನು ನಾನೂ ಇವತ್ತಿನವರೆಗೆ ಮೀರಿಲ್ಲ.

ಕನಕಮ್ಮ ನಮ್ಮ ಎದುರುಮನೆಯವಳು. ಬೂದಿಕೋಟೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಬಂದರೆ ನಮ್ಮೂರು. ಅವಳ ಗಂಡ ಆದಿನಾರಾಯಣ ಕೆಜಿಎಫ್ ಕಡೆ ಗಾರೆ ಕೆಲಸಕ್ಕೆ ಹೋಗುತ್ತಾನೆ, ಇವಳು ಹಸು ನೋಡಿಕೊಂಡು ಕೂಲಿಗೂ ಹೋಗುತ್ತಾಳೆ. ಮಕ್ಕಳಾಗಲಿಲ್ಲ. ತಾಯಿ ತೀರಿಕೊಂಡಾಗ ತಂಗಿ ಇಂದ್ರಾಣಿಗೆ ಇನ್ನೂ ಹಾಲುಹಲ್ಲು. ಮದುವೆಯಾಗಿ ಬರುವಾಗ ಕನಕಮ್ಮ ಆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಂಡನ ಮನೆಯ ಹೊಸಿಲು ದಾಟಿದ್ದು. ಓದಿಸಿದಳು, ಬೆಂಗಳೂರಿನಲ್ಲಿ ಕಾರು ಓಡಿಸುವ ಹುಡುಗನಿಗೆ ಕೊಟ್ಟು ಮದುವೆ ಮಾಡಿದಳು. ಇಂದ್ರಾಣಿಗೆ ನವ್ಯ ಎಂಬ ಮಗಳು ಹುಟ್ಟಿದ ದಿನ ಊರಿಗೆಲ್ಲ ಸಕ್ಕರೆ ಹಂಚಿದವಳು ಕನಕಮ್ಮನೇ.

ಬೆಂಗಳೂರಿನ ಬಗ್ಗೆ ಅವಳದು ದಿನಕ್ಕೊಂದು ಮಾತು. ಹೋಗಿ ಬಂದ ದಿನ ಬೈಯುತ್ತಿದ್ದಳು. ನೀರು ಟ್ಯಾಂಕರಿನಲ್ಲಿ ಬರುತ್ತದೆ, ಕೆರೆ ನಾರುತ್ತದೆ, ದಾರಿ ಕೇಳಿದರೆ ಕಿವಿಗೆ ವೈರು ಸಿಕ್ಕಿಸಿಕೊಂಡವರು ತಿರುಗಿ ನೋಡುವುದಿಲ್ಲ. ಊರಿಗೆ ಕೊನೆಯೇ ಇಲ್ಲದ ಮೇಲೆ ಹೆಣ ಎಲ್ಲಿಗೆ ಎತ್ತುತ್ತಾರೆ ಎಂದು ನಿಜವಾಗಿ ಯೋಚನೆ ಮಾಡುತ್ತಿದ್ದಳು. ಎರಡು ದಿನ ಕಳೆದರೆ ರಾಗ ಬದಲಾಗುತ್ತಿತ್ತು. ಅಲ್ಲಿ ಹೋಟೆಲಿಗೆ ಒಬ್ಬಳೇ ಹೋಗಿ ಮಸಾಲೆ ದೋಸೆ ತಿಂದಳಂತೆ, ಯಾರ ಮನೆಯವಳು ಎಂದು ಒಬ್ಬರೂ ಕೇಳಲಿಲ್ಲವಂತೆ. ಇಲ್ಲಿ ಟೀ ಅಂಗಡಿಯ ಮುಂದೆ ಹೆಂಗಸು ನಿಂತರೆ ಸಂಜೆಯೊಳಗೆ ಗಂಡನ ಕಿವಿಗೆ ಬೀಳುತ್ತದೆ. ಎಷ್ಟೇ ಬೈದರೂ ಕೊನೆಗೆ ಒಂದೇ ಮಾತು ಹೇಳುತ್ತಿದ್ದಳು: "ಅಷ್ಟು ದೊಡ್ಡ ಊರಾಗೆ ನಂದೂ ಅಂತ ಒಂದು ಬಾಗ್ಲು ಐತಲ್ಲ ರತ್ನಕ್ಕ."

ಆ ಬಾಗಿಲಿಗೆ ಅವಳು ಹಸು ಈದಾಗಲೆಲ್ಲ ಗಿಣ್ಣು ಹೊತ್ತಳು. ಬಸ್ಸಿನಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲು. ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿಯಲ್ಲಿ ಕೆಜಿಎಫಿನವರೇ ಸೀಟು ತುಂಬಿಸಿರುತ್ತಾರೆ. ಕ್ಯಾನನ್ನು ಕಾಲಸಂದಿಯಲ್ಲಿಟ್ಟುಕೊಂಡು ನಿಂತೇ ಹೋಗುತ್ತಿದ್ದಳು. ಎರಡು ವರ್ಷದಿಂದ ಇಂದ್ರಾಣಿಯ ಫೋನು ಜಾಸ್ತಿಯಾಯಿತು. ನವ್ಯಳಿಗೆ ಗಿಣ್ಣೆಂದರೆ ಪ್ರಾಣ, ಮಗು ಸೊರಗಿದೆ, ಅಕ್ಕಪಕ್ಕದವರ ಹಸು ಈದರೂ ತಂದುಕೊಡು ಎಂದು. ಕನಕಮ್ಮ ನಾಚಿಕೆ ಬಿಟ್ಟು ಮನೆಮನೆಯಲ್ಲಿ ಕೇಳಿದಳು. ಮಗುವಿಗೆ ಎಂದರೆ ಯಾರು ಇಲ್ಲ ಅನ್ನುತ್ತಾರೆ? ಹೋದ ಕಾರ್ತಿಕದಲ್ಲಿ ನನ್ನ ಹಸು ಈದಾಗ ನಾನೇ ನನ್ನ ಸ್ಟೀಲ್ ಕ್ಯಾನಿನ ಕುತ್ತಿಗೆಯವರೆಗೆ ತುಂಬಿಸಿ ಕೊಟ್ಟೆ.

ಅವತ್ತು ಅವಳು ಹೇಳಿದ ಹೊತ್ತಿಗಿಂತ ಮುಂಚಿನ ಗಾಡಿ ಸಿಕ್ಕಿತು. ಪ್ರತಿ ಸಲ ರೈಲಿಳಿದು ಫೋನು ಮಾಡಿದರೆ ಇಂದ್ರಾಣಿ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ದಾರಿ ಗೊತ್ತಿದೆಯಲ್ಲ, ತಂಗಿಗೇಕೆ ತೊಂದರೆ ಎಂದು ಈ ಸಲ ತಾನೇ ಹೋದಳು. ಗೇಟಿನ ಸೆಕ್ಯುರಿಟಿಯವನು ಕ್ಯಾನು ನೋಡಿ, ಗಿಣ್ಣು ಸಪ್ಲೈ ತಾನೇ, ಹಿಂದಿನ ಲಿಫ್ಟಲ್ಲಿ ಹೋಗಮ್ಮ ಎಂದ. ಅವನಿಗೇನು ಗೊತ್ತು ಎಂದುಕೊಂಡು ಅವಳು ಹಿಂದಿನ ಲಿಫ್ಟಿನಲ್ಲೇ ಹೋದಳು.

ಬಾಗಿಲು ತೆರೆದದ್ದು ನವ್ಯ. ದೊಡ್ಡಮ್ಮ ನಿನಗೇ ಗಿಣ್ಣು ತಂದಿದ್ದಾಳೆ ಎಂದರೆ ಮಗು ಮುಖ ಕಿವುಚಿತು. ಅದರ ವಾಸನೆಗೇ ತನಗೆ ವಾಂತಿ ಬರುತ್ತದೆ, ಯಾವತ್ತೂ ತಿಂದೇ ಇಲ್ಲ ಎಂದಿತು. ಕನಕಮ್ಮ ಹೊಸಿಲ ಹೊರಗೇ ನಿಂತುಬಿಟ್ಟಳು. ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಹೆಂಗಸೊಬ್ಬರು ಡಬ್ಬಿ ಹಿಡಿದು ಬಂದರು. ಹೋದ ಸಲ ಸಿಕ್ಕಲಿಲ್ಲ, ಈ ಸಲ ಅವರಿಗೇ ಮೊದಲು ಕೊಡಬೇಕಂತೆ. ಅಡುಗೆಮನೆಯಿಂದ ಇಂದ್ರಾಣಿ ಬಂದು ಅಕ್ಕನನ್ನು ನೋಡಿ ಬಿಳಿಚಿಕೊಂಡಳು.

"ಇವರೇನಾ ನಿಮ್ಮ ಹಾಲಿನವರು?" ಎಂದು ಆ ಹೆಂಗಸು ಕೇಳಿದರು.

"ಹೂಂ," ಎಂದಳು ಇಂದ್ರಾಣಿ.

ಆ ಹೆಂಗಸು ಕನಕಮ್ಮನಿಗೆ ನಮಸ್ಕಾರ ಮಾಡಿ, ತುಂಬಾ ಚೆನ್ನಾಗಿರುತ್ತದೆ ಎಂದು ಹೊಗಳಿ, ಡಬ್ಬಿ ತುಂಬಿಸಿಕೊಂಡು ಹೋದರು. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಕನಕಮ್ಮ ಕೂಗಾಡಲಿಲ್ಲ. ನಾನಾಗಿದ್ದರೆ ಆ ಬಿಲ್ಡಿಂಗಿನ ಅಷ್ಟೂ ಮಹಡಿಗೆ ಕೇಳುವಂತೆ ಕೂಗುತ್ತಿದ್ದೆ. ಇವಳು ಮೆಲ್ಲಗೆ ಕೇಳಿದಳು.

"ನಾನ್ಯಾರೇ ಇಂದ್ರಾ?"

ಇಂದ್ರಾಣಿ ಅತ್ತಳು. ಈ ಊರಿನಲ್ಲಿ ಉಸಿರಾಡುವುದಕ್ಕೂ ಖರ್ಚಿದೆ, ಗಂಡನ ಕಾರು ವಾರದಲ್ಲಿ ಎರಡು ದಿನ ನಿಂತೇ ಇರುತ್ತದೆ, ನಿನಗೆ ಅರ್ಥವಾಗುವುದಿಲ್ಲ ಎಂದಳು. ಅಲ್ಲಿಯವರೆಗೆ ಕನಕಮ್ಮ ಕ್ಷಮಿಸಿಬಿಡುತ್ತಿದ್ದಳೋ ಏನೋ. ಆಮೇಲೆ ಇಂದ್ರಾಣಿ ಹೇಳಿದ ಮಾತು ಎದೆಗೆ ನೆಟ್ಟುಕೊಂಡಿತು.

"ಅಕ್ಕ ತಂದ್ಳು ಅಂದ್ರೆ ದುಡ್ಡು ಹೆಂಗೆ ಕೇಳ್ಲಿ ಅಕ್ಕ?"

ಕನಕಮ್ಮ ನೀರು ಕೂಡ ಕುಡಿಯದೆ ಹೊರಟಳು. ಇಂದ್ರಾಣಿ ಆತುರದಲ್ಲಿ ಕ್ಯಾನು ತೊಳೆದು ಕೈಗೆ ಕೊಟ್ಟಳು. ಬರೀ ಕ್ಯಾನು. ನಮ್ಮ ಮನೆಗಳ ಅಂಗಳದಲ್ಲೇ ಬೆಳೆದ ಹುಡುಗಿ ಅದನ್ನೂ ಮರೆತಿದ್ದಳು. ರಸ್ತೆಗೆ ಬಂದರೆ ಕನಕಮ್ಮನಿಗೆ ಸ್ಟೇಷನ್ನಿನ ದಾರಿ ತಪ್ಪಿತಂತೆ. ಯಾರ ಮನೆಯವಳು ಎಂದು ಯಾರೂ ಕೇಳದ ಆ ಊರಿನಲ್ಲಿ, ಒಬ್ಬರಾದರೂ ಕೇಳಲಿ ಎಂದು ಅನ್ನಿಸಿದ್ದು ಅವತ್ತೇ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಯುಗಾದಿ ಕಳೆದ ಮೇಲೆ. ಇನ್ನೊಂದು ಮನೆಯವರು ನವ್ಯಳಿಗೆಂದು ಗಿಣ್ಣು ತಂದು ಕರೆದಾಗ ಬಾಗಿಲ ಹಿಂದೆ ಕೂತು ಅಳುತ್ತಿದ್ದಳು. ನನಗೆ ಮೈ ಉರಿದುಹೋಯಿತು. ಗಿಣ್ಣು ನನ್ನದು, ಮೋಸ ಹೋದವರಲ್ಲಿ ನಾನೂ ಒಬ್ಬಳು. ಆದರೆ ಇಂದ್ರಾಣಿಯನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುವುದು ಹಾಲಿಗಲ್ಲ, ಕನಕಮ್ಮ ವಾಪಸ್ಸು ಬಂದ ಆ ಸಂಜೆಗೆ.

ಅವತ್ತು ಅವಳು ಮನೆಗೂ ಹೋಗದೆ ನೇರ ನಮ್ಮ ಜಗಲಿಗೆ ಬಂದಳು. ಕ್ಯಾನು ತೆರೆದರೆ ಒಳಗೆ ಬಾದೂಷಾ. ಬಂಗಾರಪೇಟೆಯಲ್ಲಿ ರೈಲಿಳಿದು ತಾನೇ ಕೊಂಡು ತುಂಬಿಸಿದ್ದು ಎಂದು ನನಗೇನು ಗೊತ್ತು. ಇಂದ್ರಾಣಿ ಕಳಿಸಿದ್ದಾಳೆ ಎಂದಳು. ನವ್ಯ ಎರಡು ಬಟ್ಟಲು ತಿಂದಳು ಎಂದಳು. ನಾನು ಒಂದನ್ನು ಬಾಯಿಗೆ ಹಾಕಿಕೊಂಡು, ಬೆಂಗಳೂರು ಸೇರಿದರೂ ನಿನ್ನ ತಂಗಿ ನಮ್ಮ ಪದ್ಧತಿ ಮರೆತಿಲ್ಲ ಕಣೇ ಎಂದೆ.

"ಎಂಗೆ ಮರೀತಾಳೆ ರತ್ನಕ್ಕ," ಎಂದಳು ಕನಕಮ್ಮ. "ನಾನು ಸಾಕಿರೋ ಮಗು ಅಲ್ವಾ."